‘ನಾನು ಯಾರು’ ಎಂದು ಕೇಳುತ್ತಾ ಕೂತರೂ ಉತ್ತರ ಬರುತ್ತಿಲ್ಲ ಎಂದರೆ

ನೀವು ಎರಡು ವಿಷಯ ಕೇಳಿದ್ದೀರಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ‘ನಾನು ಯಾರು’ ಎಂದು ಕೇಳಿಕೊಳ್ಳುತ್ತೀರಿ, ಉತ್ತರ ಹೊಳೆಯುತ್ತಿಲ್ಲ, ಬದಲಿಗೆ ತೂಕಡಿಕೆ ಬರುತ್ತದೆ, ಇದು ಒಂದು. ಅಹಂಕಾರವೇ, ಅಂದರೆ ‘ನಾನು’ ಎಂಬ ಭಾವವೇ, ಇಲ್ಲ ಅನ್ನುವುದಾದರೆ ಈ ವಿಚಾರ (ತನ್ನನ್ನೇ ಹುಡುಕಿ ನೋಡುವುದು) ಮಾಡುತ್ತಿರುವವರು ಯಾರು, ಇದು ಇನ್ನೊಂದು. ಎರಡೂ ಒಳ್ಳೆಯ ಪ್ರಶ್ನೆಗಳು, ಮತ್ತು ಒಂದರ ಉತ್ತರ ಇನ್ನೊಂದರೊಳಗಿದೆ.

ನೀವು ವಿವರಿಸಿದ್ದನ್ನು ನೋಡಿದರೆ ನಡೆಯುತ್ತಿರುವುದು ಜಪ, ವಿಚಾರವಲ್ಲ. ಜಪ ತಪ್ಪೇನಲ್ಲ, ಹರಿದಾಡುವ ಮನಸ್ಸನ್ನು ಒಂದೆಡೆ ನಿಲ್ಲಿಸಲು ಅದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳುವಾಗ ಗಮನವೆಲ್ಲ ಆ ಎರಡು ಪದಗಳ ಮೇಲಿರುತ್ತದೆ. ಯಾವುದನ್ನು ‘ನಾನು’ ಅನ್ನುತ್ತಿದ್ದೀರೋ ಅದರ ಕಡೆಗೆ ಹೋಗುವುದೇ ಇಲ್ಲ.

ಶಿವಪ್ರಕಾಶಂ ಪಿಳ್ಳೈ ಎಂಬವರು ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನು ಇದೇ ಪ್ರಶ್ನೆಗಳೊಂದಿಗೆ ಕಂಡದ್ದು 1902ರ ಸುಮಾರಿಗೆ. ಆಗ ರಮಣರಿಗೆ ಇನ್ನೂ ಇಪ್ಪತ್ತೆರಡು ದಾಟಿತ್ತಷ್ಟೆ, ಮಾತಾಡುತ್ತಿರಲಿಲ್ಲ, ಉತ್ತರಗಳನ್ನು ಬರೆದು ತೋರಿಸಿದರು. ಆ ಉತ್ತರಗಳಲ್ಲಿ ವಿಧಾನ ಸ್ಪಷ್ಟವಾಗಿಯೇ ಇದೆ: ಯೋಚನೆ ಎದ್ದಾಗ ಅದನ್ನು ಪೂರ್ತಿ ಮಾಡಲು ಹೋಗದೆ ‘ಇದು ಯಾರಿಗೆ ಬಂತು’ ಎಂದು ನೋಡಬೇಕು. ‘ನನಗೆ’ ಎಂದು ತಿಳಿಯುತ್ತದೆ. ಆಗ ‘ಈ ನಾನು ಯಾರು’ ಎಂದು ಹಿಂತಿರುಗಬೇಕು. ಮನಸ್ಸು ಹುಟ್ಟಿದ ಜಾಗಕ್ಕೆ ಮರಳುತ್ತದೆ, ಎದ್ದ ಯೋಚನೆಯೂ ಅಡಗುತ್ತದೆ.

ಇದನ್ನು ಹತ್ತಿರದಿಂದ ನೋಡೋಣ. ಕೂತಿದ್ದೀರಿ. ‘ಇವತ್ತು ಕರೆಂಟ್ ಬಿಲ್ ಕಟ್ಟಬೇಕಿತ್ತಲ್ಲ’ ಎಂದು ಬರುತ್ತದೆ. ಅದರ ಬೆನ್ನಿಗೆ ಕೊನೆಯ ದಿನಾಂಕ, ದಂಡ, ಹೋದ ತಿಂಗಳ ಮೊತ್ತ ಎಲ್ಲ ಸಾಲುಗಟ್ಟಿ ಬರಲು ಸಿದ್ಧವಾಗಿರುತ್ತವೆ. ಆ ಸಾಲನ್ನು ತಡೆಯಲು ಹೋಗಬೇಡಿ, ಹಿಂಬಾಲಿಸಲೂ ಬೇಡಿ. ‘ಯಾರಿಗೆ ಹೊಳೆಯಿತು?’ ಒಂದೇ ಸಲ ಕೇಳಿ. ‘ನನಗೆ’ ಎಂದು ಬಾಯಲ್ಲಿ ಹೇಳುವ ಅಗತ್ಯವಿಲ್ಲ. ಬಿಲ್ ಮೇಲಿದ್ದ ಗಮನ, ಆ ಬಿಲ್ ಯಾರ ಅರಿವಿಗೆ ಬಂತೋ ಅವರ ಕಡೆಗೆ ತಿರುಗಿದ್ದು ನಿಮಗೇ ಗೊತ್ತಾಗುತ್ತದೆ. ಅಲ್ಲಿ ಬಣ್ಣವಿಲ್ಲ, ಆಕಾರವಿಲ್ಲ, ‘ಇದ್ದೇನೆ’ ಎಂಬುದಷ್ಟೇ ಇದೆ. ಅಲ್ಲೇ ಇರಿ, ಪ್ರಶ್ನೆಯನ್ನು ಬಿಟ್ಟುಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಇನ್ನೊಂದು ಯೋಚನೆ ಬರುವುದು ಖಂಡಿತ, ಆಗ ಮತ್ತೆ ತಿರುಗಿ. ಆರಂಭದಲ್ಲಿ ಅರ್ಧ ಗಂಟೆಯಲ್ಲಿ ಹಾಗೆ ನಿಂತ ಹೊತ್ತೆಲ್ಲ ಸೇರಿ ಒಂದೆರಡು ನಿಮಿಷವಾದರೂ ಅದು ನಿಜವಾದ ಅಭ್ಯಾಸವೇ. ಉತ್ತರ ಬರಲಿಲ್ಲ ಎಂದು ಬೇಸರಿಸಬೇಡಿ. ಇಲ್ಲಿ ಬರುವ ಯಾವ ಉತ್ತರವೂ, ‘ನಾನು ಬ್ರಹ್ಮ’ ಎಂಬುದೂ ಸೇರಿ, ಮತ್ತೊಂದು ಯೋಚನೆಯೇ. ಅದೂ ಯಾರಿಗೆ ಬಂತು ಎಂದೇ ನೋಡಬೇಕು.

ಹೆಚ್ಚಿನವರು ಎಡವುವುದು ಇದಾದ ಮೇಲೆ. ‘ನಾನು’ ಎಲ್ಲಿದೆ ಎಂದು ಹಣೆಯ ಹಿಂದೆಯೋ ಎದೆಯಲ್ಲೋ ಹುಡುಕಲು ತೊಡಗುತ್ತಾರೆ. ರಮಣರು ಹೃದಯ ಎದೆಯ ಬಲಗಡೆ ಎಂದಿದ್ದಾರೆ ಎಂದು ಓದಿಕೊಂಡು ಅಲ್ಲೇ ಗಮನ ಇಟ್ಟು ಕೂರುವವರು ಬಹಳ. ಅಲ್ಲಿ ಒತ್ತಡವೋ ಬಿಸಿಯೋ ಕಂಡರೆ ಅದು ನಿಮಗೆ ಕಂಡದ್ದು, ಅಂದರೆ ದೃಶ್ಯ, ಕಾಣುವ ನೀವಲ್ಲ. ಬೆಳಕು ಕಂಡರೂ ಅಷ್ಟೆ, ನಾದ ಕೇಳಿದರೂ ಅಷ್ಟೆ. ಕಂಡದ್ದನ್ನು ಬಿಟ್ಟು ಕಾಣುವವನ ಕಡೆಗೆ ಬರಬೇಕು.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಸಾಕ್ಷಿಯದು, ಅಂದರೆ ಸುಮ್ಮನೆ ನೋಡುತ್ತಿರುವವನು ನಾನು ಎಂದುಕೊಳ್ಳುವುದು. ‘ನಾನು ಬರೀ ಸಾಕ್ಷಿ, ಸಿಟ್ಟು ಮನಸ್ಸಿಗೆ ಬಂದಿದೆ, ನನಗಲ್ಲ’ ಎಂದು ದಿನವಿಡೀ ಹೇಳಿಕೊಂಡು ಓಡಾಡುವುದು. ಹಾಗೆ ಹೇಳಿಕೊಳ್ಳುವವನು ಅಹಂಕಾರವೇ, ಸಾಕ್ಷಿಯ ವೇಷ ಹಾಕಿದ್ದಾನೆ ಅಷ್ಟೆ. ಮನೆಯವರ ಮೇಲೆ ರೇಗಿ ಆಮೇಲೆ ‘ಮಾಡಿದವನು ನಾನಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವ ಮಟ್ಟಕ್ಕೂ ಇದು ಹೋಗುತ್ತದೆ. ಅದ್ವೈತದ ಹೆಸರಿನಲ್ಲಿ ಇಷ್ಟು ಹಾನಿ ಮಾಡುವುದು ಬೇರೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ತೂಕಡಿಕೆ. ಯೋಚನೆ ನಿಂತದ್ದೆಲ್ಲ ಸಾಧನೆಯಲ್ಲ. ಮನಸ್ಸು ತಾತ್ಕಾಲಿಕವಾಗಿ ಅಡಗುವುದು ಮನೋಲಯ, ಬೇರು ಸಮೇತ ಹೋಗುವುದು ಮನೋನಾಶ. ರಮಣರು ಇದಕ್ಕೆ ಗಂಗಾ ತೀರದ ಯೋಗಿಯ ಕಥೆ ಹೇಳುತ್ತಿದ್ದರು: ಶಿಷ್ಯನನ್ನು ನೀರು ತರಲು ಕಳಿಸಿದವನು ಅಷ್ಟರಲ್ಲೇ ಲಯಕ್ಕೆ ಹೋದ, ಬಹುಕಾಲದ ಮೇಲೆ ಎಚ್ಚರವಾದಾಗ ಮೊದಲು ಕೇಳಿದ್ದು ‘ನೀರೆಲ್ಲಿ’ ಎಂದು. ಯಾವ ವಾಸನೆಯಲ್ಲಿ (ಮನಸ್ಸಿನಲ್ಲಿ ಉಳಿದ ಹಳೆಯ ಸೆಳೆತದಲ್ಲಿ) ಮುಳುಗಿದನೋ ಅದರಲ್ಲೇ ಎದ್ದ. ಪ್ರಾಣಾಯಾಮದ ಮಿತಿಯೂ ಇದೇ. ಉಸಿರು ಹಿಡಿತದಲ್ಲಿರುವ ತನಕ ಮನಸ್ಸು ಅಡಗಿರುತ್ತದೆ, ಉಸಿರು ಶುರುವಾದರೆ ಮನಸ್ಸೂ ಶುರು. ನಿಮ್ಮ ಮಟ್ಟಿಗೆ ಪರೀಕ್ಷೆ ಸುಲಭ: ನಿಶ್ಶಬ್ದದಲ್ಲಿ ‘ಇದ್ದೇನೆ’ ಎಂಬ ಅರಿವು ಹೆಚ್ಚು ನಿಚ್ಚಳವಾಗಿದ್ದರೆ ಸರಿಯಾಗಿದೆ, ಮಸುಕಾಗುತ್ತಿದ್ದರೆ ನಿದ್ದೆಯ ಕಡೆ ಜಾರುತ್ತಿದ್ದೀರಿ. ಆಗ ಕಣ್ಣು ತೆರೆದು ಕೂರಿ, ಅಥವಾ ಎದ್ದು ಹತ್ತು ನಿಮಿಷ ನಡೆಯುತ್ತಲೇ ಮುಂದುವರಿಸಿ. ಹೊಟ್ಟೆ ತುಂಬ ತಿಂದು ಕೂರಬೇಡಿ. ರಾತ್ರಿ ನಿದ್ದೆ ಸಾಲದವರಿಗೆ ಇಲ್ಲಿ ಹೇಳಿದ ಯಾವುದೂ ನಡೆಯುವುದಿಲ್ಲ, ಮೊದಲು ನಿದ್ದೆ ಮಾಡಲಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ರಮಣರ ‘ಉಳ್ಳದು ನಾರ್ಪದು’ (ಇರುವುದರ ಬಗ್ಗೆ ನಲವತ್ತು ತಮಿಳು ಪದ್ಯಗಳು) ಕೃತಿಯ 24ನೇ ಪದ್ಯದ ತರ್ಕ ಇದು: ದೇಹ ಜಡ, ಅದು ‘ನಾನು’ ಅನ್ನುವುದಿಲ್ಲ. ಸತ್‌ಚಿತ್, ಅಂದರೆ ಇರುವಿಕೆಯೇ ಆದ ಅರಿವು, ಹುಟ್ಟುವುದಿಲ್ಲ, ಅಳಿಯುವುದಿಲ್ಲ. ಇವೆರಡರ ನಡುವೆ ದೇಹದಷ್ಟೇ ಅಳತೆಯ ಒಂದು ‘ನಾನು’ ಏಳುತ್ತದೆ. ಚಿಜ್ಜಡಗ್ರಂಥಿ (ಅರಿವಿಗೂ ಜಡಕ್ಕೂ ಬಿದ್ದ ಗಂಟು), ಬಂಧ, ಮನಸ್ಸು ಎಲ್ಲ ಅದರದೇ ಹೆಸರುಗಳು. ಮುಂದಿನ ಪದ್ಯ ಅದರ ನಡವಳಿಕೆಯನ್ನು ಹೇಳುತ್ತದೆ: ಒಂದು ರೂಪವನ್ನು ಹಿಡಿದು ಹುಟ್ಟುತ್ತದೆ, ಅದನ್ನೇ ತಿಂದು ಬೆಳೆಯುತ್ತದೆ, ಒಂದನ್ನು ಬಿಟ್ಟರೆ ಇನ್ನೊಂದನ್ನು ಹಿಡಿಯುತ್ತದೆ, ಹುಡುಕಲು ಹೊರಟರೆ ಓಡಿಹೋಗುತ್ತದೆ. ಮೇಲಿನ ವಿಧಾನ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಾರಣ ಇಲ್ಲಿದೆ. ಯಾವುದೇ ವಸ್ತುವಿನ ಮೇಲೆ ಗಮನವಿಟ್ಟರೆ ಅಹಂವೃತ್ತಿಗೆ, ಅಂದರೆ ಈ ‘ನಾನು’ ಎಂಬ ಯೋಚನೆಗೆ, ಆಹಾರ ಸಿಗುತ್ತದೆ. ಗಮನ ತನ್ನ ಮೇಲೇ ತಿರುಗಿದಾಗ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಹಾಗಾಗಿ ‘ಅಹಂಕಾರ ಇಲ್ಲ’ ಎಂದು ಈಗಲೇ ತೀರ್ಪು ಕೊಡಬೇಡಿ. ವೇದಾಂತ ಅದನ್ನು ಮೊಲದ ಕೊಂಬಿನಂತೆ ಶುದ್ಧ ಅಸತ್ (ಇಲ್ಲವೇ ಇಲ್ಲದ್ದು) ಅನ್ನುವುದಿಲ್ಲ, ಮಿಥ್ಯೆ (ಇದ್ದಂತೆ ತೋರುವುದು) ಅನ್ನುತ್ತದೆ. ವಿಚಾರಿಸದಿರುವ ತನಕ ಇದ್ದಂತೆಯೇ ವ್ಯವಹಾರ ನಡೆಸುತ್ತದೆ. ವಿಚಾರ ಶುರು ಮಾಡುವುದೂ ಆ ಅಹಂಕಾರವೇ, ಬೇರೆ ಯಾರೂ ಇಲ್ಲ. ಚಿತೆಯನ್ನು ಕೆದಕಿದ ಕೋಲು ಕೊನೆಗೆ ತಾನೂ ಅದೇ ಬೆಂಕಿಯಲ್ಲಿ ಸುಡುತ್ತದೆ ಎಂದು ರಮಣರು ಪಿಳ್ಳೈಯವರಿಗೆ ಕೊಟ್ಟ ಉತ್ತರ ಈ ನಿಮ್ಮ ಪ್ರಶ್ನೆಗೇ ಬರೆದಂತಿದೆ.

ಬುದ್ಧಿಗೂ ಇದು ಒಪ್ಪಿಗೆಯಾಗಬೇಕು ಅನ್ನುವವರು ಗಾಢನಿದ್ರೆಯನ್ನು ಯೋಚಿಸಿ ನೋಡಿ. ಅಲ್ಲಿ ಹೆಸರು, ಊರು, ಸಂಬಂಧ ಯಾವುದೂ ಇರುವುದಿಲ್ಲ, ಆದರೆ ‘ನಾನೇ ಇರಲಿಲ್ಲ’ ಎಂದು ಎದ್ದು ಹೇಳುವವರಿಲ್ಲ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಈ ಅವಸ್ಥಾತ್ರಯ (ಎಚ್ಚರ, ಕನಸು, ಗಾಢನಿದ್ರೆ) ವಿಚಾರವನ್ನು ಕನ್ನಡದಲ್ಲೇ ವಿಸ್ತಾರವಾಗಿ ಬರೆದಿದ್ದಾರೆ, ತರ್ಕಕ್ಕೆ ಅದಕ್ಕಿಂತ ಒಳ್ಳೆಯ ಆಸರೆ ಬೇಕಿಲ್ಲ. ಅಭ್ಯಾಸಕ್ಕೂ ಇದರಿಂದ ಒಂದು ಲಾಭವಿದೆ. ಎಚ್ಚರವಾದ ಮೊದಲ ಕ್ಷಣಗಳಲ್ಲಿ, ಹೆಸರು ಮತ್ತು ಕೆಲಸದ ನೆನಪು ಬರುವ ಮುಂಚೆ, ‘ನಾನು’ ಹೆಚ್ಚು ಬೆರಕೆಯಿಲ್ಲದೆ ಇರುತ್ತದೆ. ಮೊಬೈಲ್ ಮುಟ್ಟುವ ಮೊದಲು ಹಾಸಿಗೆಯಲ್ಲೇ ಐದು ನಿಮಿಷ ಅದನ್ನು ಗಮನಿಸಿ.

ಬೆಳಗಿನ ಅರ್ಧ ಗಂಟೆಯನ್ನು ಹದಿನೈದು ನಿಮಿಷದ ಎರಡು ಹೊತ್ತಾಗಿ ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು. ಉಳಿದದ್ದನ್ನು ಕೆಲಸದ ನಡುವೆ ಮಾಡಿ: ಲಿಫ್ಟಿಗೆ ಕಾಯುವಾಗ, ಯಾರಾದರೂ ಚುಚ್ಚಿ ಮಾತಾಡಿದಾಗ. ನೋವಾದ ಕ್ಷಣದಲ್ಲಿ ‘ನಾನು’ ಎದ್ದು ಕಾಣುತ್ತದೆ, ಕೂತಾಗ ಸಿಗದದ್ದು ಅಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ. ಸುತ್ತಲಿನದೆಲ್ಲ ಗಾಜಿನ ಆಚೆ ಇದ್ದಂತೆ ಅನ್ನಿಸುವುದು, ತನ್ನ ಕೈಕಾಲು ತನ್ನದಲ್ಲ ಅನ್ನಿಸಿ ಭಯವಾಗುವುದು, ಯಾರ ಮೇಲೂ ಪ್ರೀತಿ ಹುಟ್ಟದಿರುವುದು, ಇವನ್ನು ಅಹಂಕಾರ ಕರಗುವ ಲಕ್ಷಣ ಎಂದು ಭಾವಿಸಬೇಡಿ. ಹೀಗೇನಾದರೂ ಆದರೆ ಅಭ್ಯಾಸ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ. ಮನಸ್ಸು ನೆಲೆಗೆ ಬಂದ ಮೇಲೆ, ಗೊತ್ತಿರುವ ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ, ಜಪದಿಂದ ಮತ್ತೆ ಶುರು ಮಾಡಬಹುದು.