ಭಾವನ್ನ ಇನ್ಮೇಲೆ ಅತ್ತಿಗೆ ಅನ್ಲಾ?

ಪ್ರಶ್ನೆ: ನಮ್ಮ ಅತ್ತೆ ಮಗ ನಂಗಿಂತ ನಾಲ್ಕು ವರ್ಷ ದೊಡ್ಡವ್ರು, ಸಣ್ಣಿರುವಾಗಿಂದ ಭಾವ ಅಂತ್ಲೇ ಕರೆದಿದ್ದು. ಈಗ ಹೆಣ್ಣಾಗಿ ಬದುಕ್ತಿದಾರೆ, ಹೆಸ್ರೂ ಬದಲಾಗಿದೆ, ಚೌತಿಗೆ ಊರಿಗೆ ಬರ್ತಾರಂತೆ. ಏನಂತ ಕರೀಲಿ? ನಮ್ಮಜ್ಜಿ ‘ಅದು ಯಾವಾಗ ಬತ್ತು (ಬರತ್ತೆ)’ ಅಂತ ಕೇಳ್ತಾ ಇದೆ, ಹಂಗನ್ಬೇಡ ಅಂತ ನಾನು ಬೈದೆ.
- ಓದುಗರೊಬ್ರು, ಕುಮಟಾ

ಉತ್ತರ: ಅಜ್ಜಿಗೆ ಬೈಬೇಡಿ. ನೀವೇ ಅಜ್ಜಿ ‘ಕೇಳ್ತಾ ಇದೆ’ ಅಂತ ಬರ್ದಿದೀರಿ ನೋಡಿ, ನಮ್ಮ ಹವ್ಯಕರ ಮಾತಲ್ಲಿ ಹೆಂಗಸ್ರಿಗೆ ಅದು, ಬಂತು, ಹೋತು ಅನ್ನೋದೇ ರೂಢಿ, ಅದ್ರಲ್ಲಿ ಅವಮಾನ ಇಲ್ಲ, ಕಾರವಾರದ ಕಡೆ ಕೊಂಕಣಿಯಲ್ಲೂ ಹುಡುಗೀರಿಗೆ ‘ತೆಂ’, ಅಂದ್ರೆ ಅದು, ಅಂತಾರಲ್ಲ ಹಂಗೆ. ಮೊದ್ಲಾಗಿದ್ರೆ ಅಜ್ಜಿ ‘ಅಂವ ಯಾವಾಗ ಬತ್ತ (ಅವ್ನು ಯಾವಾಗ ಬರ್ತಾನೆ)’ ಅಂತಿತ್ತು. ಈಗ ಬತ್ತು ಅಂದಿದೆ ಅಂದ್ರೆ ಮೊಮ್ಮಗಳು ಅಂತ ಒಪ್ಕೊಂಡ ಹಾಗೇ ಅಲ್ವಾ! ನಂಗಂತೂ ಓದಿ ಕಣ್ಣು ತುಂಬಿ ಬಂತು.

ಆದ್ರೆ ತನ್ನ ಅಕ್ಕಂಗೆ ಅವಳು ಅನ್ನೋ ಮನುಷ್ಯ ಬಸ್ ಸ್ಟ್ಯಾಂಡಲ್ಲಿ ಇವ್ರನ್ನ ತೋರ್ಸಿ ‘ಅದು’ ಅಂದ್ರೆ ಅದು ಬೇರೆ ಮಾತು, ಅಲ್ಲೇ ತಡೀರಿ. ಅವ್ಳು ಅನ್ನೋಕೆ ಬಾಯಿ ತಿರುಗದೋರು ‘ಅವ್ರು ಬಂದ್ರು’ ಅನ್ಲಿ, ಕನ್ನಡದಲ್ಲಿ ಅವ್ರು ಅಂದ್ರೆ ಗಂಡೂ ಹೌದು ಹೆಣ್ಣೂ ಹೌದು, ಮರ್ಯಾದೆಯೂ ಹೌದು. ತೃತೀಯ ಲಿಂಗಿ, ಲಿಂಗತ್ವ ಅಲ್ಪಸಂಖ್ಯಾತರು ಅಂತೆಲ್ಲ ಪೇಪರಲ್ಲಿ, ಸರ್ಕಾರಿ ಕಾಗದದಲ್ಲಿ ಬರೋ ಪದಗಳು, ಮನೆ ಜಗಲಿ ಮೇಲೆ ಯಾಕೆ ಬೇಕು. ತಾನು ಗಂಡೋ ಹೆಣ್ಣೋ ಅಂತ ಹೇಳೋ ಹಕ್ಕು ಅವ್ರವ್ರದೇ ಅಂತ ಸುಪ್ರೀಂ ಕೋರ್ಟೇ 2014ರಲ್ಲಿ ಹೇಳಿತ್ತು, ಆಪರೇಷನ್ ಆಯ್ತಾ ಅಂತ ಕೇಳೋದು ಮನೆಯವ್ರ ಕೆಲಸ ಅಲ್ಲ, ಇದನ್ನ ನೆಂಟ್ರಿಗೂ ಮೊದ್ಲೇ ಹೇಳಿಡಿ. ನಮ್ಮ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಅವ್ರನ್ನ ಇಡೀ ರಾಜ್ಯ ಮಂಜಮ್ಮ ಅಂತ ಕರೀಲಿಲ್ವಾ.

ನಿಮ್ಗಿಂತ ದೊಡ್ಡ ಅತ್ತೆ ಮಗಳು ಅಂದ್ರೆ ಅತ್ತಿಗೇನೇ. ಒಂದ್ ಫೋನ್ ಮಾಡಿ, ‘ಅತ್ತಿಗೆ ಅನ್ಲಾ, ಹೆಸ್ರು ಹಿಡ್ದು ಕರೀಲಾ’ ಅಂತ ಕೇಳ್ಬಿಡಿ. ಹಳೇ ಅಭ್ಯಾಸಕ್ಕೆ ಒಂದೆರಡು ಸಲ ಭಾವ ಅಂತ ಬಂದ್ರೆ ತಿದ್ಕೊಂಡು ಮಾತು ಮುಂದುವರ್ಸಿ, ಅದನ್ನೇ ದೊಡ್ಡದು ಮಾಡಿ ಹತ್ತು ಸಲ ಸಾರಿ ಕೇಳಿದ್ರೆ ಅವ್ರಿಗೇ ಮುಜುಗರ.

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಜೊತೆಗಿರೋರನ್ನ ಪಾರ್ಟ್ನರ್ ಅಂತಾಳೆ. ನಮ್ಮನೇವ್ರು ಯಾವ ಅಡಿಕೆ ಮಂಡಿ ಪಾರ್ಟ್ನರ್ ಅಂತ ಕೇಳಿದ್ರು. ನೆಂಟ್ರಿಗೆ ಏನನ್ನಲಿ?
- ಓದುಗರು, ಶಿರಸಿ

ಉತ್ತರ: ನಮ್ಮ ಆಯಿ ಜೀವಮಾನದಲ್ಲಿ ಅಪ್ಪಯ್ಯನ ಹೆಸ್ರು ಹೇಳಿದ್ದಿಲ್ಲ, ‘ಇವ್ರು’ ಅಷ್ಟೇ. ಆಮೇಲೆ ಯಜಮಾನ್ರು ಬಂತು, ಹಸ್ಬೆಂಡ್ ಬಂತು, ಈಗಿನ ಹುಡುಗೀರು ಹೆಸ್ರೇ ಕರೀತಾರೆ. ನೀವೂ ನಮ್ಮನೇವ್ರು ಅಂದ್ರಿ, ನಿಮ್ಮ ಯಜಮಾನ್ರೂ ನಿಮ್ಗೆ ಅದನ್ನೇ ಅಂತಿರ್ತಾರೆ, ಗಂಡ ಹೆಂಡ್ತಿ ಇಬ್ರಿಗೂ ಒಂದೇ ಪದ ನಮ್ಮಲ್ಲಿ ಮೊದ್ಲಿಂದ್ಲೂ ಇದೆ. ಸಂಗಾತಿ ಅನ್ನಿ, ಒಳ್ಳೇ ಪದ. ಪುಸ್ತಕದ ಹಾಗೆ ಕೇಳ್ಸತ್ತೆ ಅನ್ಸಿದ್ರೆ ‘ನಮ್ಮ ಮಗಳ ಜೊತೆಯವ್ರು’ ಅಂದು ಹೆಸ್ರು ಹೇಳಿ. ಆದ್ರೆ ಎಲ್ಲರೆದ್ರು ಹೇಳೋದಾ ಬೇಡ್ವಾ ಅಂತ ಮಗಳನ್ನ ಮೊದ್ಲು ಕೇಳ್ಕೊಳ್ಳಿ.