ಗಟ್ಟಿ ಬಣ್ಣದ ಕಾರಿಗೆ ಯಾವ ಪಾಲಿಶ್?

ಪ್ರಶ್ನೆ: ಹಳೆಯ ಸ್ಕೋಡಾ ಆಕ್ಟೇವಿಯಾ ಕೊಂಡಿದ್ದೇನೆ, ಕಪ್ಪು ಬಣ್ಣ. ನೆರಳಿನಲ್ಲಿ ನಿಲ್ಲಿಸಿದರೆ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬ ದುಂಡಗೆ ಸುತ್ತುವ ಸಣ್ಣ ಗೆರೆಗಳು. ಒಂದು ಕಡೆ ದುಡ್ಡು ಕೊಟ್ಟು ಪಾಲಿಶ್ ಮಾಡಿಸಿದೆ. ಅಂದು ಒಂದೂ ಗೆರೆ ಕಾಣಲಿಲ್ಲ, ಕೆಲವು ಸಲ ತೊಳೆದ ಮೇಲೆ ಎಲ್ಲವೂ ಮರಳಿ ಬಂದವು. ಈ ಕಾರಿನ ಬಣ್ಣ ಗಟ್ಟಿ, ಇದಕ್ಕೆ ಒರಟು ಕಾಂಪೌಂಡೇ (ಹೆಚ್ಚು ಬಲವಾಗಿ ಉಜ್ಜುವ ಪಾಲಿಶ್) ಬೇಕು ಎನ್ನುತ್ತಾರೆ. ನನ್ನ ಬಳಿ ಪಾಲಿಶ್ ಮಾಡುವ ಡ್ಯುಯಲ್ ಆಕ್ಷನ್ ಮಷೀನ್ (ಪ್ಯಾಡ್ ತಿರುಗುತ್ತಲೇ ಓಲಾಡುವಂಥದ್ದು) ಇದೆ. ಯಾವ ಪಾಲಿಶ್ ತರಿಸಲಿ?
— ಓದುಗರು, ದಾವಣಗೆರೆ

ಉತ್ತರ: ಅಂದು ಆ ಗೆರೆಗಳು ಹೋಗಿರಲಿಲ್ಲ, ಮುಚ್ಚಿಕೊಂಡಿದ್ದವು. ಹಲವು ಪಾಲಿಶ್‌ಗಳಲ್ಲಿ ಎಣ್ಣೆ, ಮೇಣದ ಅಂಶಗಳಿರುತ್ತವೆ. ಅವು ಗೆರೆಯೊಳಗೆ ಕೂತು ಅದನ್ನು ಕಾಣದಂತೆ ಮಾಡುತ್ತವೆ, ಶಾಂಪೂ ತಗುಲಿದಂತೆಲ್ಲ ಬಿಟ್ಟುಹೋಗುತ್ತವೆ. ಗಿರಾಕಿಯಿಂದ ಹಣ ತೆಗೆದುಕೊಂಡು ಈ ವಿಷಯವನ್ನು ಮಾತ್ರ ಹೇಳದೆ ಕಳಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆದ್ದರಿಂದ ಪಾಲಿಶ್‌ಗಿಂತ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ತರಿಸಿ. ಆ ಎಣ್ಣೆ, ಮೇಣವನ್ನು ತೆಗೆಯಲು ಅದು ಬೇಕು. ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಉಜ್ಜಿದ ಜಾಗದ ಮೇಲೆ ಇದನ್ನು ಸಿಂಪಡಿಸಿ ಒರೆಸಿದ ಮೇಲೆ ಕಾಣುವುದೇ ಬಣ್ಣದ ನಿಜವಾದ ಸ್ಥಿತಿ.

ಗಟ್ಟಿ ಎಂಬ ಮಾತಿಗೆ ಬರೋಣ. ನೀವು ಉಜ್ಜುವುದು ಕಪ್ಪು ಬಣ್ಣವನ್ನಲ್ಲ, ಅದರ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟನ್ನು. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ ಕಾರುಗಳ ಕ್ಲಿಯರ್ ಕೋಟ್ ಗಟ್ಟಿ, ಜಪಾನಿನ ಅನೇಕ ಕಾರುಗಳದ್ದು ಮೆದು ಎಂಬುದು ಈ ಕೆಲಸದವರ ಸಾಮಾನ್ಯ ಅನುಭವ. ಗೀರು ಕಡಿಮೆ ಬೀಳಲೆಂದು ಮರ್ಸಿಡಿಸ್ ಬೆಂಝ್ 2003ರಲ್ಲಿ ಸೆರಾಮಿಕ್ ನ್ಯಾನೊ ಕಣಗಳಿರುವ ಕ್ಲಿಯರ್ ಕೋಟನ್ನೇ ತಂದಿತು. ಗೆರೆ ಸುಲಭವಾಗಿ ಬೀಳದ ಮೇಲ್ಮೈಯಿಂದ, ಬಿದ್ದ ಗೆರೆಯನ್ನು ತೆಗೆಯುವುದೂ ಅಷ್ಟೇ ಕಷ್ಟ. ಆದರೆ ಗಟ್ಟಿ ಎಂದರೆ ದಪ್ಪ ಎಂದಲ್ಲ. ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಇರುತ್ತದೆ, ನಮ್ಮ ತಲೆಕೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಅಂಶ ಇರುವುದೂ ಈ ಪದರದಲ್ಲಿಯೇ. ಅದನ್ನು ತೀರಾ ತೆಳುವಾಗಿಸಿದರೆ ಕೆಲವು ವರ್ಷಗಳಲ್ಲಿ ಬೆಳ್ಳಗೆ ಹೊಪ್ಪಳೆ ಏಳುತ್ತದೆ, ಆಗ ಮರುಪೇಂಟ್ ಬಿಟ್ಟು ಬೇರೆ ದಾರಿಯಿಲ್ಲ. ಒರಟು ಕಾಂಪೌಂಡಿನಿಂದಲೇ ಶುರು ಮಾಡಿ ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಹಳೆಯ ಕಾರು ಎಂದಿರಿ. ಯಾವುದಾದರೂ ಬಾಗಿಲು ಅಥವಾ ಬಂಪರಿಗೆ ಮರುಪೇಂಟ್ ಆಗಿರಬಹುದು. ಕಾರ್ಖಾನೆಯಲ್ಲಿ ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಒಣಗಿಸುತ್ತಾರೆ. ಗ್ಯಾರೇಜಿನ ಬೂತಿನಲ್ಲಿ 60 ಡಿಗ್ರಿಯ ಆಸುಪಾಸು, ಬೂತ್ ಇಲ್ಲದ ಕಡೆ ಬರಿಯ ಗಾಳಿ. ಬಳಸುವ ರಾಳವೂ ಬೇರೆ, ಹಾಗಾಗಿ ಗಟ್ಟಿತನವೂ ಬೇರೆ. ಬಾನೆಟ್ಟಿಗೆ ಹೊಂದಿದ ಪಾಲಿಶ್ ಅದೇ ಕಾರಿನ ಬಾಗಿಲಿಗೆ ಹೆಚ್ಚಾಗಬಹುದು. ಪೇಂಟ್ ದಪ್ಪ ಅಳೆಯುವ ಗೇಜ್ ಇರುವವರ ಹತ್ತಿರ ಎಲ್ಲ ಭಾಗಗಳನ್ನೂ ಒಮ್ಮೆ ಅಳೆಸಿ. ಪ್ರೈಮರಿನಿಂದ ಹಿಡಿದು ಒಟ್ಟು ಪೇಂಟ್ 100ರಿಂದ 140 ಮೈಕ್ರಾನ್ ಇದ್ದರೆ ಅದು ಬಹುಮಟ್ಟಿಗೆ ಕಾರ್ಖಾನೆಯದೇ. ಒಂದು ಬಾಗಿಲಿನಲ್ಲಿ ಮಾತ್ರ 250 ತೋರಿಸಿದರೆ ಅಲ್ಲಿ ಪೇಂಟರ್ ಕೈ ಆಡಿದೆ.

ಈಗ ಬಾಟಲಿಯ ವಿಷಯ. ಜರ್ಮನಿಯ ಪಾಲಿಶ್ ಕಂಪನಿ ಮೆನ್ಜರ್ನಾದ ಬಾಟಲಿಗಳಲ್ಲಿ 400 ಒರಟು, 2500ರ ಆಸುಪಾಸಿನದು ಮಧ್ಯಮ, 3800 ನಯ. ಸಂಖ್ಯೆ ಏರಿದಂತೆ ಉಜ್ಜುವ ಬಲ ಇಳಿಯುತ್ತದೆ. ಆದರೆ ಈ ಲೆಕ್ಕ ಆ ಕಂಪನಿಗಷ್ಟೇ ಸೀಮಿತ. ಇನ್ನೊಂದು ಕಂಪನಿ ಮೆಗ್ವಾಯರ್ಸ್‌ನ 205 ನಯಗೊಳಿಸುವ ಪಾಲಿಶ್, ಮೆನ್ಜರ್ನಾ 400ಕ್ಕಿಂತ ಎಷ್ಟೋ ಮೆದು. ಎರಡು ಕಂಪನಿಗಳ ಸಂಖ್ಯೆಗಳನ್ನು ಹೋಲಿಸಿ ಕೊಳ್ಳುವವರು ಬಹಳ ಮಂದಿ, ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ನನ್ನ ಸಲಹೆ ಒಂದೇ ಕಂಪನಿಯ ಎರಡು ಬಾಟಲಿ: ಮಧ್ಯಮದ್ದೊಂದು, ನಯದ್ದೊಂದು. ಒರಟು ಕಾಂಪೌಂಡಿಗೆ ಈಗಲೇ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಮಷೀನಿಗೆ ಹಾಕುವ ಪ್ಯಾಡ್ ಕೊಳ್ಳಿ.

ಗಟ್ಟಿ ಬಣ್ಣದ ಮೇಲೆ ಪ್ಯಾಡ್ ಮಾಡುವ ವ್ಯತ್ಯಾಸ ದೊಡ್ಡದು. ಮೆದು ಫೋಮ್ ಪ್ಯಾಡಿನಲ್ಲಿ ಗೆರೆಯನ್ನು ಮುಟ್ಟದ ಮಧ್ಯಮ ಪಾಲಿಶೇ ಮೈಕ್ರೊಫೈಬರ್ ಕಟಿಂಗ್ ಪ್ಯಾಡಿನಲ್ಲಿ ಅದನ್ನು ತೆಗೆದುಬಿಡುತ್ತದೆ. ಆ ಪ್ಯಾಡಿನ ಒಂದೊಂದು ಎಳೆಯೂ ಪಾಲಿಶ್‌ನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ಹಿಡಿದುಕೊಂಡು ಉಜ್ಜುತ್ತದೆ. ಹಾಗಾಗಿ ಸಾಲದಾದಾಗ ಮೊದಲು ಪ್ಯಾಡ್ ಬದಲಿಸಿ, ಅದೂ ಸಾಲದಿದ್ದರೆ ಮಾತ್ರ ಪಾಲಿಶ್ ಬದಲಿಸಿ.

ಪರೀಕ್ಷೆ ಹೀಗೆ ಮಾಡಿ. ಕಾರನ್ನು ತೊಳೆದು, ಕ್ಲೇ ಬಾರ್ ಎಂಬ ಮೆದು ಜೇಡಿಯ ತುಂಡನ್ನು ಆಡಿಸಿ ಅಂಟಿದ ಕೊಳೆಯನ್ನೆಲ್ಲ ತೆಗೆಯಿರಿ. ಬಾನೆಟ್ಟಿನ ಮೇಲೆ ಸುಮಾರು ಒಂದೂವರೆ ಅಡಿ ಚೌಕಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಲೋಹ ಕೈಗೆ ತಣ್ಣಗಿರಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಂತ ಬಾನೆಟ್ಟಿನ ಮೇಲೆ ಪಾಲಿಶ್ ಕ್ಷಣದಲ್ಲಿ ಒಣಗಿ ಪುಡಿಯಾಗುತ್ತದೆ, ಕೆಲಸ ಆಗುವುದಿಲ್ಲ. ಫೋಮ್ ಪ್ಯಾಡಿನ ಮೇಲೆ ಮಧ್ಯಮ ಪಾಲಿಶ್‌ನ ನಾಲ್ಕೈದು ಹನಿ ಇಟ್ಟು, ಮೊದಲು ನಿಧಾನ ವೇಗದಲ್ಲಿ ಹರಡಿ. ಆಮೇಲೆ ಮಷೀನಿನ ವೇಗದ ಗುಂಡಿಯನ್ನು 4 ಅಥವಾ 5ಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಚಲಿಸುವಷ್ಟು ನಿಧಾನವಾಗಿ, ಅಡ್ಡ ಮತ್ತು ಉದ್ದ ನಾಲ್ಕೈದು ಬಾರಿ ಸಾಗಿಸಿ. ಅವಸರಪಡಬೇಡಿ, ಗಟ್ಟಿ ಬಣ್ಣದ ಮೇಲೆ ಕೈ ವೇಗವಾಗಿ ಓಡಿದರೆ ಪಾಲಿಶ್ ಹರಡುತ್ತದೆಯೇ ಹೊರತು ಉಜ್ಜುವುದಿಲ್ಲ. ಪ್ಯಾಡಿನ ಹಿಂಬದಿಯ ತಟ್ಟೆಗೆ ಮಾರ್ಕರಿನಿಂದ ಒಂದು ಗೀಟು ಹಾಕಿಕೊಳ್ಳಿ. ಗೀಟು ತಿರುಗುವುದು ನಿಂತರೆ ನೀವು ಹೆಚ್ಚು ಒತ್ತುತ್ತಿದ್ದೀರಿ ಎಂದರ್ಥ.

ಒರೆಸಿ, ಆಲ್ಕೊಹಾಲ್ ಸಿಂಪಡಿಸಿ ಮತ್ತೆ ಒರೆಸಿ, ಎಲ್‌ಇಡಿ ಟಾರ್ಚ್ ಹಿಡಿದು ನೋಡಿ. ಟಾರ್ಚ್ ಸರಿಸಿದರೆ ಗೆರೆಗಳ ವೃತ್ತವೂ ಅದರೊಂದಿಗೆ ಸರಿಯುತ್ತದೆ. ಗೆರೆಗಳು ನಿಜವಾಗಿ ದುಂಡಗಿಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುವ ಗೆರೆಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆದು ಸುತ್ತುವಂತೆ ತೋರುತ್ತವೆ. ಟೇಪಿನ ಒಳಗಡೆ ಆ ವೃತ್ತ ಕಡಿದುಹೋಗಿ ಬರೀ ಟಾರ್ಚಿನ ಚುಕ್ಕೆ ಉಳಿದಿದ್ದರೆ ನಿಮಗೆ ಬೇಕಾದ ಪಾಲಿಶ್ ಮತ್ತು ಪ್ಯಾಡಿನ ಜೋಡಿ ಸಿಕ್ಕಿತು. ವೃತ್ತ ಹಾಗೆಯೇ ಇದ್ದರೆ ಅದೇ ಪಾಲಿಶ್‌ಗೆ ಮೈಕ್ರೊಫೈಬರ್ ಪ್ಯಾಡ್ ಹಾಕಿ ಮತ್ತೆ ನೋಡಿ. ಆಗಲೂ ಬಗ್ಗದಿದ್ದರೆ ಒರಟು ಕಾಂಪೌಂಡ್ ತರಿಸಿ, ಆಗ ಅದಕ್ಕೆ ಕಾರಣವಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಮಾತ್ರ ಬೆನ್ನಟ್ಟಬೇಡಿ, ಅದು ಇದ್ದುಕೊಳ್ಳಲಿ.

ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಕೊಡವಿ. ಗಟ್ಟಿ ಕ್ಲಿಯರ್ ಕೋಟಿನ ಪುಡಿ ಎಳೆಗಳ ನಡುವೆ ತುಂಬಿಕೊಂಡರೆ, ಬಾನೆಟ್ಟಿನಲ್ಲಿ ಕೆಲಸ ಮಾಡಿದ ಜೋಡಿಯೇ ಡಿಕ್ಕಿಗೆ ಬರುವ ಹೊತ್ತಿಗೆ ಸೋಲುತ್ತದೆ. ಜನ ಆಗ ಪಾಲಿಶ್ ಅನ್ನು ದೂರುತ್ತಾರೆ. ಒಂದು ಕಾರಿಗೆ ನಾಲ್ಕಾರು ಪ್ಯಾಡ್ ಇಟ್ಟುಕೊಳ್ಳುವುದು ದುಂದುವೆಚ್ಚವಲ್ಲ. ಬಾಡಿಯ ಅಂಚುಗಳಲ್ಲಿ, ಮಡಿಕೆಗಳ ಏಣುಗಳಲ್ಲಿ ಕ್ಲಿಯರ್ ಕೋಟ್ ಅತಿ ತೆಳುವಾಗಿರುತ್ತದೆ, ಅಲ್ಲಿಗೆ ಟೇಪ್ ಹಚ್ಚಿಯೇ ಮಷೀನ್ ಮುಟ್ಟಿಸಿ. ಕೊನೆಗೆ ಮೆದು ಫೋಮ್ ಪ್ಯಾಡಿನಲ್ಲಿ ನಯದ ಪಾಲಿಶ್ ಒಂದು ಸುತ್ತು ಆಗಲಿ. ಮೈಕ್ರೊಫೈಬರ್ ಬಿಟ್ಟ ತೆಳು ಮಬ್ಬು ಹೋಗಿ ಕಪ್ಪು ಆಳವಾಗಿ ಕಾಣುತ್ತದೆ.

ಪ್ರಶ್ನೆ: ಸಣ್ಣ ಗೆರೆಗಳಿಗೆ ಟೂತ್‌ಪೇಸ್ಟ್ ಸಾಕು ಎನ್ನುತ್ತಾರೆ. ನಿಜವೇ?
— ಓದುಗರು, ಶಿರಸಿ

ಉತ್ತರ: ಬೇಡ. ಅದರಲ್ಲಿರುವ ಕಣಗಳು ಹಲ್ಲಿಗಾಗಿ ಮಾಡಿದವು. ಗಟ್ಟಿ ಬಣ್ಣದ ಗೆರೆ ಅದಕ್ಕೆ ಜಗ್ಗುವುದಿಲ್ಲ, ಮೆದು ಬಣ್ಣವಾದರೆ ಬೆರಳಾಡಿದ ಜಾಗವಷ್ಟೇ ಮಬ್ಬಾಗುತ್ತದೆ.

ಪ್ರಶ್ನೆ: ಗೆರೆಗಳಿರುವ ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಅವು ಮುಚ್ಚುತ್ತವೆಯೇ? ಮತ್ತೆ ಬಾರದಂತೆ ತಡೆಯುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಮುಚ್ಚುವುದಿಲ್ಲ. ಬಣ್ಣದ ಮೇಲೆ ರಕ್ಷಣೆಗೆಂದು ಹಚ್ಚುವ ಆ ಪದರ ತೀರಾ ತೆಳು, ಪಾರದರ್ಶಕ ಕೂಡ. ಗೆರೆ ಅದರ ಅಡಿಯಲ್ಲಿ ಹಾಗೆಯೇ ಕಾಣುತ್ತಿರುತ್ತದೆ, ತೆಗೆಯಬೇಕಾದರೆ ಕೋಟಿಂಗನ್ನೂ ಉಜ್ಜಿ ತೆಗೆಯಬೇಕಾಗುತ್ತದೆ. ಮೊದಲು ಪಾಲಿಶ್, ಆಮೇಲೆ ಕೋಟಿಂಗ್. ಹೊಸ ಗೆರೆ ಹೆಚ್ಚಾಗಿ ಬೀಳುವುದು ತೊಳೆಯುವಾಗ ಮತ್ತು ದಿನಾ ಬೆಳಗ್ಗೆ ಒಣ ಧೂಳನ್ನು ಒರೆಸುವಾಗ. ಒಣ ಬಟ್ಟೆ ಆಡಿಸುವುದನ್ನು ಇಂದೇ ನಿಲ್ಲಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಚಕ್ರಕ್ಕೆ ಹಾಕಿದ ಬಟ್ಟೆ ಬಾಡಿಗೆ ತಾಗಬಾರದು. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ ಬಿಸಿಲಿನಲ್ಲಿ ತೊಳೆಯಬೇಡಿ, ಹನಿ ಒಣಗುವ ಮೊದಲೇ ಮೈಕ್ರೊಫೈಬರ್ ಟವೆಲ್ ಹೊದಿಸಿ ನೀರು ಹೀರಿಸಿ. ಸುಣ್ಣದ ಕಲೆ ಕೂತರೆ ಅದನ್ನು ತೆಗೆಯಲು ಮತ್ತೆ ಪಾಲಿಶ್ ಮಾಡಬೇಕಾಗಿ ಬರಬಹುದು.