ಒಂದೇ ಆಲ್ಬಂ, ದಿನಕ್ಕೆ ಆರು ಸಲ

ಆಪ್ತಸಮಾಲೋಚನೆಗೆ ಬಂದ ಯುವತಿ, 22 ವರ್ಷ. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ, ಆಲ್ಬಂನ ಹೆಸರನ್ನೂ ಬಿಟ್ಟಿದೆ.

ಕರೆತಂದದ್ದು ಅಣ್ಣ. "ಎರಡು ತಿಂಗಳಿಂದ ಅದೇ ಅಳುಬುರುಕ ಹಾಡುಗಳು ಮೇಡಂ. ಡಿಪ್ರೆಶನ್ನೇ ಇರ್ಬೇಕು. ಕೇಳೋದು ಬಿಡಿಸಿ." ತಂಗಿ ತಲೆಯೆತ್ತದೆ ಹೇಳಿದ್ದು ಇಷ್ಟೇ: "ಅಣ್ಣಂಗೆ ಅದು ಬರೀ ಕಿರುಚಾಟ."

ಆಲ್ಬಂ ಎಮೋ ಛಾಯೆಯ ಇಂಡೀ ರಾಕ್ (ದೊಡ್ಡ ಕಂಪನಿಗಳ ಹೊರಗೆ ಬೆಳೆದ ರಾಕ್): 10 ಹಾಡು, 41 ನಿಮಿಷ. ಎಮೋ ಹುಟ್ಟಿದ್ದು 1980ರ ದಶಕದ ನಡುವೆ, ವಾಷಿಂಗ್ಟನ್ ಡಿ.ಸಿ.ಯ ವೇಗದ, ಅಬ್ಬರದ ಹಾರ್ಡ್‌ಕೋರ್ ಪಂಕ್ ಬ್ಯಾಂಡ್‌ಗಳು ಸ್ವಂತ ನೋವನ್ನು ಹಾಡತೊಡಗಿದಾಗ. 1990ರ ದಶಕದಲ್ಲಿ ಅಮೆರಿಕದ ಮಿಡ್‌ವೆಸ್ಟ್ ಬ್ಯಾಂಡ್‌ಗಳು ಅದಕ್ಕೆ ಬಿಡಿಬಿಡಿಯಾಗಿ ತಂತಿ ಮೀಟುವ ಗಿಟಾರನ್ನೂ ಐದು, ಏಳು ಎಣಿಕೆಯ ತಾಳಗಳನ್ನೂ ಸೇರಿಸಿದವು. ಗಂಟಲು ಬಿರಿಯುವಂತೆ ಹಾಡುವುದು ಇಲ್ಲಿ ಶೈಲಿ. ಅದನ್ನೇ ರೋಗಲಕ್ಷಣವೆಂದು ಬರೆದುಕೊಂಡರೆ ಮೊದಲ ದಿನವೇ ದಾರಿ ತಪ್ಪುತ್ತದೆ.

ಅಣ್ಣನನ್ನು ಹೊರಗೆ ಕೂರಿಸಿ ಮಾತಾಡಿದ್ದಾಯಿತು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 8, ಅಂದರೆ ಸೌಮ್ಯ ಹಂತ. ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಹಾಕಿದ್ದರೂ "ಸಾಯ್ಬೇಕು ಅನ್ಸುತ್ತಾ?" ಎಂದು ನೇರವಾಗಿ ಕೇಳಲಾಯಿತು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲ ಎಂದಳು. ಊಟ, ಕೆಲಸ ಸರಿಯಾಗಿತ್ತು, ಕೆಟ್ಟಿದ್ದು ನಿದ್ದೆ. ಒಂದೂವರೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ.

ಹತ್ತು ದಿನ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದ್ದು: ಹೊತ್ತು, ಯಾವ ಹಾಡು, ಕೇಳುವ ಮೊದಲು ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ (ಹೆಚ್ಚಿದಷ್ಟೂ ಮನಸ್ಸು ಹಗುರ), ಮುಗಿದ 15 ನಿಮಿಷಕ್ಕೆ ಮತ್ತೊಂದು ಅಂಕ. ಹಾಡು ನಿಂತ ತಕ್ಷಣ ಅಂಕ ಹಾಕಿಸಬಾರದು. ಅತ್ತು ಹಗುರಾದ ಹೊತ್ತಿನ ಅಂಕ ಸುಳ್ಳು ಹೇಳುತ್ತದೆ.

ಪುಸ್ತಕ ಬಂದಾಗ ವಿಷಯ ಬಿಡಿಸಿಕೊಂಡಿತು. ಬೆಳಿಗ್ಗೆ ನಡೆಯುತ್ತ ಇಡೀ ಆಲ್ಬಂ ಕೇಳಿದರೆ 4 ಇದ್ದದ್ದು 6. ರಾತ್ರಿ ಹಾಸಿಗೆಯಲ್ಲಿ, ಹೆಡ್‌ಫೋನ್ ಹಾಕಿ, ಏಳನೇ ಹಾಡೊಂದನ್ನೇ ರಿಪೀಟ್‌ಗಿಟ್ಟರೆ 5 ಇದ್ದದ್ದು 2. ಒಂದು ರಾತ್ರಿ ಹನ್ನೊಂದು ಸಲ. ಆ ಹಾಡಿನ "ನೀನು" ಜಾಗದಲ್ಲಿ ಮಾತು ಬಿಟ್ಟ ಗೆಳತಿ ಬಂದು ಕೂತಿದ್ದಳು. ಹಾಡಿನ ಕೊನೆಗೆ ಗಿಟಾರ್ ಒಂದೇ ಸುರುಳಿ ಸುತ್ತುತ್ತ, ಮುಗಿಯದೆಯೇ ನಿಲ್ಲುತ್ತದೆ. ಎಂಟನೆಯದರ ಡ್ರಮ್ ಬಂದು ಎತ್ತಿಕೊಂಡು ಹೋಗಬೇಕು. ರಿಪೀಟ್ ಒತ್ತಿದರೆ ಆ ಬಾಗಿಲೇ ಮುಚ್ಚಿದಂತೆ. ಕೇಳುವುದು ಹೋಗಿ ಮೆಲುಕು ಹಾಕುವುದಾಗುತ್ತದೆ.

ಹಾಗಾಗಿ ಆಲ್ಬಂ ಬಿಡಿಸಲಿಲ್ಲ. ಬಿಡಿಸಿದ್ದರೆ ಹೊದಿಕೆಯೊಳಗೆ ಕದ್ದು ಕೇಳುತ್ತಿದ್ದಳು, ಕೆಡುಕು ಮಾಡುತ್ತಿದ್ದದ್ದೂ ಅದೇ ಕೇಳುವಿಕೆ. ರಿಪೀಟ್ ಬೇಡ, ಏಳನ್ನು ಹಾಕಿದರೆ ಹತ್ತರವರೆಗೂ ಹೋಗಬೇಕು. ಒಂಬತ್ತೂವರೆಯ ಮೇಲೆ ಸ್ಪೀಕರಲ್ಲಿ ಮಾತ್ರ, ಕೂತು. ಕಿವಿಯ ಲೆಕ್ಕವನ್ನೂ ಹೇಳಲಾಯಿತು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಿವಿಗೆ ಸುರಕ್ಷಿತ ಮಿತಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ 4 ಗಂಟೆ. 41 ನಿಮಿಷದ ಆಲ್ಬಂ ಆರು ಸಲ ಎಂದರೆ 246 ನಿಮಿಷ. ಜೋರಾಗಿ ಇಟ್ಟರೆ ವಾರದ ಪಾಲು ಒಂದೇ ದಿನಕ್ಕೆ ಖಾಲಿ. ಬುದ್ಧಿಮಾತಿಗೆ ಅಲುಗದವಳು ಈ ಲೆಕ್ಕಕ್ಕೆ ನಕ್ಕಳು.

ಮನೆಯಲ್ಲಿ ಅಣ್ಣನ ಹಳೇ ಗಿಟಾರ್ ಇತ್ತು. ಏಳನೇ ಹಾಡಿನ ಸುರುಳಿಯನ್ನು ನುಡಿಸಲು ಕಲಿ ಎಂದದ್ದು, ಮಾತಿಗೆ ಅಂಟಿದ ಗಮನ ಬೆರಳಿಗೆ ಇಳಿಯಲಿ ಎಂದು. ಈ ಶೈಲಿಯಲ್ಲಿ ಬಳಕೆಯಿರುವ ಶ್ರುತಿ, ದಪ್ಪ ತಂತಿಯಿಂದ ಶುರುಮಾಡಿ, ಎಫ್-ಎ-ಸಿ-ಜಿ-ಸಿ-ಇ: ಮಾಮೂಲಿ ಶ್ರುತಿಯಿಂದ ಆರನೇ ತಂತಿಯನ್ನೂ ಎರಡನೆಯದನ್ನೂ ಅರ್ಧ ಸ್ವರ ಏರಿಸಬೇಕು, ನಾಲ್ಕನೆಯದನ್ನು ಒಂದು ಸ್ವರ ಇಳಿಸಬೇಕು. ಇಳಿಸುವುದು ಮೊದಲು, ಏರಿಸುವಾಗ ಚೂರುಚೂರೇ. ಅವಸರ ಮಾಡಿದಳು, ಹಳೇ ಎರಡನೇ ತಂತಿ ಪಟ್ಟನೆ ಹೋಯಿತು.

ಅಣ್ಣನಿಗೆ ಹೇಳಿದ್ದು: "ಆಫ್ ಮಾಡು" ಅನ್ನಬೇಡಿ. ಫೋನ್ ಪಕ್ಕಕ್ಕಿಟ್ಟು ಒಮ್ಮೆ ಪೂರ್ತಿ ಕೇಳಿ, ಆಮೇಲೆ ಒಂದೇ ಪ್ರಶ್ನೆ, "ನಿಂಗೆ ಎಲ್ಲಿ ಇಷ್ಟ?" ಪಿಎಚ್‌ಕ್ಯೂ-9 ಅಂಕ 10 ಮುಟ್ಟಿದರೆ ಅಥವಾ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನು ಬಂದರೂ ಮನೋವೈದ್ಯರಿಗೆ ತೋರಿಸುವುದು ಎಂದು ಇಬ್ಬರಿಗೂ ತಿಳಿಸಿದೆ.

ಆರು ವಾರಕ್ಕೆ ಪಿಎಚ್‌ಕ್ಯೂ-9 ಅಂಕ 5, ನಿದ್ದೆ ಹನ್ನೊಂದೂವರೆಗೆ. ಗೆಳತಿಗೆ ಇನ್ನೂ ಫೋನ್ ಮಾಡಿಲ್ಲ. ಹೊಸ ತಂತಿ ಕಟ್ಟಿಕೊಟ್ಟವನು ಅಣ್ಣ, ಅವಳು ಸುರುಳಿ ನುಡಿಸುವಾಗ ಪಕ್ಕದಲ್ಲೇ ಕೂತು ಕೇಳಿದನಂತೆ: "ಇದು ಆ ಕಿರುಚಾಟದ ಹಾಡೇನೇ?"